ಹಲ್ಲು ಕಟ್ಟುವ ಪುಡಿಯಲ್ಲಿ ಉಗುರು ಕಟ್ಟಿದ್ದು

ಉಗುರು ಕಚ್ಚುವವರನ್ನು ನಾನು ದೂರದಿಂದಲೇ ಗುರುತು ಹಿಡಿಯುತ್ತೇನೆ. ಅವರು ಬೆರಳು ಮಡಿಸಿಕೊಂಡೇ ಓಡಾಡುತ್ತಾರೆ. ಬಸ್ಸಿನಲ್ಲಿ ಟಿಕೆಟ್ಟನ್ನು ಬೆರಳ ಗೆಣ್ಣಿನ ನಡುವೆ ಸಿಕ್ಕಿಸಿಕೊಳ್ಳುತ್ತಾರೆ, ತುದಿಯಲ್ಲಿ ಹಿಡಿಯುವುದಿಲ್ಲ. ಅರಿಶಿನ ಕುಂಕುಮ ಕೊಟ್ಟರೆ ಕೈ ಚಾಚುವುದಿಲ್ಲ, ಹಣೆಯನ್ನೇ ಮುಂದೆ ತರುತ್ತಾರೆ. ತೊಂಬತ್ತಾರೋ ತೊಂಬತ್ತೇಳೋ ಇರಬೇಕು, ಎರಡು ವರ್ಷ ಇಂಥವರ ಕೈ ಹಿಡಿದುಕೊಂಡು ಕೂರುವುದೇ ನನ್ನ ಕೆಲಸವಾಗಿತ್ತು. ಇಲ್ಲದ ಉಗುರನ್ನು ಕಟ್ಟಿ ಕಳಿಸುತ್ತಿದ್ದೆ. ಹೇಳಿದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ.

ಆಗ ನಾನು ಪಾಂಡವಪುರದ ಪೇಟೆಯಲ್ಲಿ ಹಲ್ಲು ಕಟ್ಟುವ ಸಾಹೇಬರ ಅಂಗಡಿಯಲ್ಲಿದ್ದೆ. ಸಾಹೇಬರು ಓದಿದ ಡಾಕ್ಟರಲ್ಲ. ಅವರ ಅಪ್ಪ ಹಲ್ಲು ಕಟ್ಟುತ್ತಿದ್ದರು, ಇವರೂ ಕಟ್ಟುತ್ತಿದ್ದರು. ನಾಗಮಂಗಲ, ಕೆ.ಆರ್. ಪೇಟೆ ಕಡೆಯಿಂದೆಲ್ಲ ಹಲ್ಲು ಹೋದವರು ಬರುತ್ತಿದ್ದರು. ಬಾಯಿಯ ಅಚ್ಚು ತೆಗೆಯುವುದು, ಹಲ್ಲು ಜೋಡಿಸುವುದು ಸಾಹೇಬರ ಕೆಲಸ. ಗಾರೆ ಕಲಸುವುದು, ಅಚ್ಚು ತೊಳೆಯುವುದು, ವಸಡು ಮಾಡುವ ಪುಡಿಗೆ ಔಷಧಿ ಬಿಟ್ಟು ಹದ ಮಾಡುವುದು, ಗಟ್ಟಿಯಾದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ತರುವುದು ನನ್ನದು. ಪುಡಿ ಎರಡು ತರಹ. ಒಂದನ್ನು ಅಚ್ಚಿನೊಳಗೆ ತುಂಬಿ ಕುದಿಯುವ ನೀರಿನಲ್ಲಿ ಬೇಯಿಸಬೇಕು, ಹೊಸ ಹಲ್ಲಿನ ಸೆಟ್ಟಿಗೆ ಅದೇ. ಇನ್ನೊಂದು ಬೇಯಿಸದೆಯೇ ಗಟ್ಟಿಯಾಗುವುದು, ಮುರಿದ ಸೆಟ್ಟಿನ ರಿಪೇರಿಗೆ. ಎರಡರ ಬಣ್ಣವೂ ಒಂದೇ, ವಸಡಿನ ಹಾಗೆ ನಸುಗೆಂಪು. ಅದರೊಳಗೆ ಕೂದಲಿಗಿಂತ ಸಣ್ಣ ಕೆಂಪು ಎಳೆಗಳನ್ನು ಬೆರೆಸಿರುತ್ತಾರೆ, ನರದ ಹಾಗೆ ಕಾಣಲಿ ಎಂದು. ನನಗೆ ಡಬ್ಬಿಯ ಮೇಲಿನ ಇಂಗ್ಲಿಷು ಓದಲು ಬರುವುದಿಲ್ಲ. ಹಾಗಾಗಿ ಬೇಯಿಸುವ ಡಬ್ಬಿಗೆ ಕೆಂಪು ದಾರ ಕಟ್ಟಿಟ್ಟಿದ್ದೆ.

ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬಳು ಬ್ಯೂಟಿ ಪಾರ್ಲರು ತೆಗೆದಳು. ಬೊಂಬಾಯಿಯಲ್ಲಿ ಹತ್ತು ವರ್ಷ ಇದ್ದು ತವರಿಗೆ ವಾಪಸಾದವಳು. ನಾವೆಲ್ಲ ಮೇಡಮ್ಮು ಎನ್ನುತ್ತಿದ್ದೆವು. ಬರುವಾಗ ಉಗುರು ಕಟ್ಟುವ ಸಾಮಾನು ತಂದಿದ್ದಳು, ಅದು ಮೂರೇ ತಿಂಗಳಿಗೆ ಮುಗಿಯಿತು. ಮಂಡ್ಯದಲ್ಲೂ ಸಿಗಲಿಲ್ಲ, ಮೈಸೂರಿನಲ್ಲೂ ಸಿಗಲಿಲ್ಲ. ಒಂದು ದಿನ ಮಧ್ಯಾಹ್ನ ಮೆಟ್ಟಿಲು ದಡದಡ ಇಳಿದು ಬಂದು ಅಂಗಡಿಯ ಬಾಗಿಲಲ್ಲಿ ನಿಂತಳು.

"ನನ್ ಉಗುರಿನ್ ಔಷ್ದಿ ಯಾರ್ ತಂದ್ರಿ ಇಲ್ಲಿಗೆ? ವಾಸ್ನೆ ಮ್ಯಾಕ್ಕೆ ಬತ್ತಾ ಅದೆ."

"ನಿನ್ ಔಷ್ದಿ ಕದ್ದು ನಾವೇನ್ ಮಾಡಾನಾ? ಇಲ್ಲಿ ಇರೋದೆಲ್ಲ ಬಾಯ್ಗೆ ಹಾಕೋದು" ಎಂದೆ.

ಅವಳು ಕೇಳಲಿಲ್ಲ. ಒಳಗೆ ನುಗ್ಗಿ ನಮ್ಮ ಸೀಸೆಯ ಬಿರಡೆ ತೆಗೆದು ಮೂಗಿಗೆ ಹಿಡಿದಳು. ಆಮೇಲೆ ಡಬ್ಬಿಯ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಮುಖ ಅರಳಿತು. ಬೊಂಬಾಯಿಯಲ್ಲಿ ಅಷ್ಟು ದೊಡ್ಡ ಹೆಂಗಸರ ಕೈಗೆ ಹಾಕುತ್ತಿದ್ದುದು, ಇಲ್ಲಿ ನಾವು ಮುದುಕರ ವಸಡಿಗೆ ಹಾಕುತ್ತಿದ್ದುದು, ಎರಡೂ ಅಕ್ಕತಂಗಿಯರಂತೆ.

ಸಾಹೇಬರು ಎರಡು ಕೆನ್ನೆಗೂ ಬಡಿದುಕೊಂಡರು. "ತೋಬಾ ತೋಬಾ! ಹಲ್ಲಿಂದು ಪುಡಿ ಉಗುರಿಗೆ ಹಾಕ್ತಾರೇನಮ್ಮಾ? ನಾಳೆ ಕಣ್ಣಿಗೂ ಹಾಕ್ತೀರಿ ನೀವು."

ಆದರೂ ಕೊಟ್ಟರು. ಆ ಅವಸರದಲ್ಲಿ ಮೇಡಮ್ಮು ಡಬ್ಬಿಯ ಕೆಂಪು ದಾರ ಬಿಚ್ಚಿ ಎಸೆದಿದ್ದಳು. ಯಾವುದು ಯಾವುದೆಂದು ನನಗೂ ತಿಳಿಯಲಿಲ್ಲ. ಅವಳ ಹೆಬ್ಬೆರಳಿಗೇ ಮೊದಲು ಹಾಕಿ ನೋಡಿದೆವು. ಒಂದು ಗಂಟೆಯಾದರೂ ಹಲ್ವದ ಹಾಗೆ ಮೆತ್ತಗೇ ಇತ್ತು. ಅವಳು ಹೆಬ್ಬೆರಳು ಮೇಲೆತ್ತಿಕೊಂಡು ಕಾಯುತ್ತಾ ಕೂತಳು. ಸಾಹೇಬರು ನಮಾಜು ಮುಗಿಸಿ ಬಂದು ನೋಡಿ ಹೇಳಿದರು, "ಅರೇ, ಅದು ಬೇಯಿಸೋದು ಪುಡಿ! ಈಗ ಕೈ ಕುಕ್ಕರ್‌ನಾಗೆ ಇಟ್ಟು ಮೂರು ಸೀಟಿ ಹೊಡೆಸಿ."

ಮಾರನೆಯ ದಿನ ಸರಿಯಾದ ಡಬ್ಬಿ ಸಿಕ್ಕಿತು. ಮೇಡಮ್ಮಿಗೆ ಹದ ಗೊತ್ತಿತ್ತು, ಆದರೆ ನಮ್ಮ ಪುಡಿ ಬೇಗ ಬಿಗಿಯುತ್ತದೆ, ಅವಳ ಕೈ ನಿಧಾನ. ನನ್ನದು ವಸಡು ತಿದ್ದಿದ ಕೈ. ಕೊನೆಗೆ ಅವಳು ಹುಬ್ಬು ತೆಗೆಯಲು ನಿಂತಳು, ಉಗುರಿಗೆ ನಾನು ಕೂತೆ. ಬೆಳಿಗ್ಗೆ ಕೆಳಗೆ, ಮಧ್ಯಾಹ್ನದ ಮೇಲೆ ಮಹಡಿಯಲ್ಲಿ.

ಬೊಂಬಾಯಿಯಲ್ಲಿ ಶೋಕಿಯವರು ಬರುತ್ತಿದ್ದರಂತೆ. ಪಾಂಡವಪುರದಲ್ಲಿ ಉಗುರಿದ್ದವರು ಯಾರೂ ಬರಲಿಲ್ಲ. ಅವರಿಗೆ ಇದೆಯಲ್ಲ, ಇನ್ನೇಕೆ? ಬಂದವರೆಲ್ಲ ಕಚ್ಚುವವರು. ಶ್ರೀರಂಗಪಟ್ಟಣದಿಂದ, ಕೆ.ಆರ್. ಪೇಟೆಯಿಂದ, ಸೆರಗಿನೊಳಗೆ ಕೈ ಬಚ್ಚಿಟ್ಟುಕೊಂಡು ಕದ್ದು ಬರುತ್ತಿದ್ದರು. ಇಷ್ಟು ಜನ ಉಗುರು ತಿನ್ನುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕಚ್ಚಿದ ಉಗುರಿಗೆ ಕಟ್ಟುವುದು ತೊಲೆಯಿಲ್ಲದ ಮನೆಗೆ ಹೆಂಚು ಹೊದಿಸಿದ ಹಾಗೆ. ಉಗುರು ಇದ್ದರೆ ಅದರ ಅಡಿಗೆ ಬೆಳ್ಳಿ ಕಾಗದ ತೂರಿಸಿ, ಕಾಗದದ ಮೇಲೆ ಕಲಸಿದ ಪುಡಿಯ ಹಿಟ್ಟು ಎಳೆದು ಉದ್ದ ಮಾಡಬಹುದು. ಸಾಹೇಬರು ಸೇದಿ ಎಸೆದ ಸಿಗರೇಟು ಪ್ಯಾಕಿನ ಕಾಗದವನ್ನೇ ನಾನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ. ಕಚ್ಚುವವರಿಗೆ ಕಾಗದ ತೂರಿಸಲು ಅಂಚೇ ಇರುವುದಿಲ್ಲ, ಬೆರಳ ತುದಿಯ ಮಾಂಸ ಬನ್ನಿನ ಹಾಗೆ ಉಬ್ಬಿ ಉಗುರನ್ನು ಮುಚ್ಚಿರುತ್ತದೆ. ಮೊದಲು ಒಂದು ಚೂರು ಹಿಟ್ಟಿಟ್ಟು ಸಣ್ಣ ಜಗಲಿ ಕಟ್ಟಬೇಕು. ಅದು ಬಿಗಿದ ಮೇಲೆ ಅದರ ಅಡಿಗೆ ಕಾಗದ ಇಟ್ಟು ಮುಂದಕ್ಕೆ ಎಳೆಯಬೇಕು. ಗಿಡ್ಡಗೇ ಕಟ್ಟಬೇಕು, ಉದ್ದ ಮಾಡಿದರೆ ಬುಡಸಮೇತ ಎದ್ದು ಬರುತ್ತದೆ. ವಾಸನೆಯೋ ತಿಗಣೆ ಔಷಧಿಯದೇ. ನನ್ನ ಬೆರಳ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತಿತ್ತು. ಈಗ ಯೋಚಿಸಿದರೆ ಮಾಡಬಾರದ ಕೆಲಸ. ಆಗ ಯಾರು ಯೋಚಿಸಿದರು?

ಕೆ.ಆರ್. ಪೇಟೆಯಿಂದ ಒಬ್ಬ ಸ್ಕೂಲು ಮೇಡಂ ಬರುತ್ತಿದ್ದರು. ಉಗುರು ಕಚ್ಚುವ ಮಕ್ಕಳ ಬೆರಳ ಮೇಲೆ ಸ್ಕೇಲಿನಲ್ಲಿ ಹೊಡೆಯುವುದು, ಆಮೇಲೆ ಸ್ಟಾಫ್ ರೂಮಿಗೆ ಹೋಗಿ ತಮ್ಮದನ್ನು ಕಚ್ಚುವುದು. ಹತ್ತು ಬೆರಳಿಗೂ ಕಟ್ಟಿ ಕಳಿಸಿದೆ. ಮೂರನೆಯ ದಿನವೇ ಬಂದರು, ಮುಖದಲ್ಲಿ ರಕ್ತವಿಲ್ಲ.

"ಒಂಬತ್ತೇ ಇವೆ" ಎಂದು ಕೈ ತೋರಿಸಿದರು.

"ಹತ್ತನೇದು ಎಲ್ಲೋಯ್ತು?"

"ರಾತ್ರಿ ಮುದ್ದೆ ಉಂಡೆ. ಎದ್ದು ಕೈ ತೊಳೆಯುವಾಗ ನೋಡಿದರೆ ಇಲ್ಲ."

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ಮುರಿದು, ಸಾರಿಗೆ ಅದ್ದಿ, ಗುಳುಕ್. ಉಗುರು ಮುದ್ದೆಯೊಳಗೆ ಕಚ್ಚಿಕೊಂಡಿದೆ, ಮೇಡಂ ಗುಳುಕ್ ಎನಿಸಿದ್ದಾರೆ. ಹೊಟ್ಟೆಯೊಳಗೆ ಏನಾಗುತ್ತದೆ ಎಂದು ಕೇಳಿದರು.

"ಹಲ್ಲಿನ್ ಪುಡಿ ತಾನೇ ಮೇಡಂ. ಹಲ್ಲಂತೂ ಇಲ್ವಲ್ಲ ಅದ್ರಾಗೆ. ಒಟ್ಟೆ ಒಳಗೆ ಓಗಿ ಏನ್ ಕಡ್ದೀತು?"

ಸಾಹೇಬರು ಕೆಳಗಿನಿಂದ ಎರಡು ಬಾಳೆಹಣ್ಣು ಕಳಿಸಿಕೊಟ್ಟರು. ಮೇಡಂ ಇನ್ನೂ ಗಟ್ಟಿಯಾಗಿದ್ದಾರೆ, ಹೋದ ವರ್ಷವೂ ಬಸ್ ಸ್ಟ್ಯಾಂಡಿನಲ್ಲಿ ನೋಡಿದೆ. ಅಂದಿನಿಂದ ಬಂದವರಿಗೆಲ್ಲ ಮೊದಲ ಮಾತು ಇದನ್ನೇ ಹೇಳುತ್ತಿದ್ದೆ: ಮುದ್ದೆಯನ್ನು ಚಮಚದಲ್ಲಿ ತಿನ್ನಿ. ಒಬ್ಬರಾದರೂ ಕೇಳಲಿಲ್ಲ. ಮುದ್ದೆಗೆ ಯಾರು ಚಮಚ ಹಾಕುತ್ತಾರೆ.

ಇನ್ನು ಅರಕೆರೆ ಹುಡುಗಿಯ ವಿಷಯ. ಅವಳನ್ನು ಅವಳ ತಾಯಿ ಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಳು, ಪೊಲೀಸರು ಕಳ್ಳನನ್ನು ಕರೆತಂದ ಹಾಗೆ. ಮದುವೆಗೆ ಹದಿನೈದು ದಿನವಿತ್ತು. ಪಾಲಹಳ್ಳಿಯ ಗಂಡು, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಕ ಹಾಕುವ ಕೆಲಸ. ಹೆಣ್ಣು ನೋಡಲು ಬಂದಾಗ ಗಂಡಿನ ತಾಯಿ ಕಾಫಿ ಲೋಟ ತೆಗೆದುಕೊಳ್ಳುವ ಬದಲು ಹುಡುಗಿಯ ಕೈಯನ್ನೇ ಹಿಡಿದುಕೊಂಡಳಂತೆ.

"ಇದೇನವ್ವ, ಇಲಿ ತಿಂದಂಗದೆ? ಉಗುರು ಕಚ್ಚೋ ಎಣ್ಣು ಮನೆಗ್ ಬಂದ್ರೆ ದರಿದ್ರ ಬಂದಂಗೆ. ಧಾರೆ ದಿನ ಉಗುರ್ ತೆಗ್ಯೋ ಶಾಸ್ತ್ರದಲ್ಲಿ ಅತ್ತು ಬೆಳ್ಳಲ್ಲೂ ಉಗುರು ಇರ್ಬೇಕು. ಇಲ್ದೋದ್ರೆ ಬಂದ್ ಬಸ್ನಾಗೇ ವಾಪಸ್ ಓಯ್ತೀವಿ."

ನಮ್ಮ ಕಡೆ ಧಾರೆಯ ದಿನ ಬೆಳಿಗ್ಗೆ ಗಂಡು ಹೆಣ್ಣು ಇಬ್ಬರಿಗೂ ಉಗುರು ತೆಗೆಯುವ ಶಾಸ್ತ್ರ ಮಾಡುತ್ತಾರೆ. ಊರಿನ ಕ್ಷೌರಿಕ ಬಂದು, ಮಾವಿನೆಲೆಯನ್ನು ಹಾಲಿಗೆ ಅದ್ದಿ ಉಗುರಿಗೆ ಮುಟ್ಟಿಸುತ್ತಾನೆ, ಅಷ್ಟೇ. ನಿಜವಾಗಿ ಕತ್ತರಿಸುವುದು ಈಗ ಎಲ್ಲೂ ಇಲ್ಲ. ಆದರೆ ಮುಟ್ಟಿಸುವುದಕ್ಕಾದರೂ ಉಗುರು ಬೇಕಲ್ಲ.

ಹುಡುಗಿಯ ತಾಯಿ ತಾನು ಮಾಡಿದ್ದನ್ನೆಲ್ಲ ಹೇಳಿದಳು. "ಬೇವಿನೆಣ್ಣೆ ಅಚ್ಚಿದೆ, ಅದೂ ರುಚಿ ಅತ್ಕೊಳ್ತು. ಮೆಣಸಿನ್ಕಾಯಿ ಅರ್ದು ಬಳ್ದೆ, ಕಣ್ಣಲ್ಲಿ ನೀರ್ ಸುರುಸ್ಕೊಂಡು ಕಚ್ಚಿದ್ಲು. ಕೈಗೆ ಗೋಣಿಚೀಲ ಕಟ್ಟಿ ಮಲಗುಸ್ದೆ ಕಣಕ್ಕ, ಬೆಳಿಗ್ಗೆ ನೋಡಿದ್ರೆ ಚೀಲಾನೇ ತೂತು."

"ಯಾಕಮ್ಮಿ ಕಚ್ತೀಯೆ?" ಎಂದು ಹುಡುಗಿಯನ್ನು ಕೇಳಿದೆ.

"ಗೊತ್ತಿಲ್ಲ ದೊಡ್ಡವ್ವ. ಅದು ಬಾಯಿಗ್ ಬಂದ್ಮ್ಯಾಲೇ ನಂಗೊತ್ತಾಗೋದು."

"ಗಂಡು ಹಿಡಿಸವ್ನಾ?"

ಅವಳು ತಾಯಿ ಕಡೆ ನೋಡಿ, ಆಮೇಲೆ ನೆಲ ನೋಡಿದಳು. "ಅವ್ರವ್ವ ಅಂಗಂದಾಗ, ಉಗುರು ತಾನೇ, ಬೆಳ್ಕತವೆ ಬುಡವ್ವ ಅಂದ್ರು" ಎಂದಳು. ಆ ಒಂದು ಮಾತಿಗೇ ಅವನಿಗೆ ಬಿದ್ದುಹೋಗಿದ್ದಳು. ಹೇಳುತ್ತಾ ಹೇಳುತ್ತಾ ಕಿರುಬೆರಳು ಬಾಯಿಗೆ ಹೋಗಿತ್ತು. ಈ ಗಂಡು ತಪ್ಪಿದರೆ ತನಗೆ ಮದುವೆಯೇ ಬೇಡವೆಂದು ಮನೆಯಲ್ಲಿ ಹಟ ಹಿಡಿದಿದ್ದಾಳೆಂದು ತಾಯಿ ಹೇಳಿದಳು.

ಹತ್ತಕ್ಕೂ ಕಟ್ಟಿದೆ. ಎರಡು ದಿನಕ್ಕೆ ವಾಪಸು ಬಂದಳು, ಅಂಚೆಲ್ಲ ಗರಗಸದ ಹಾಗೆ. ಹಲ್ಲು ಮಾಡುವ ಪುಡಿಯನ್ನೇ ಹಲ್ಲಿನಿಂದ ಕಡಿದಿದ್ದಳು. "ರುಚಿ ಇಲ್ಲ ದೊಡ್ಡವ್ವ, ಆದ್ರೂ ಬುಡಕ್ಕಾಗ್ಲಿಲ್ಲ" ಎಂದಳು. ಇವಳನ್ನು ನಂಬಿದರೆ ಕೆಲಸ ಕೆಡುತ್ತದೆ ಎಂದು ಮೇಡಮ್ಮು ತೀರ್ಮಾನ ಮಾಡಿದಳು. ಮದುವೆಯ ಹಿಂದಿನ ದಿನ ನಾನೇ ಅರಕೆರೆಗೆ ಹೋಗಿ ಹೊಸದಾಗಿ ಕಟ್ಟುವುದು, ಶಾಸ್ತ್ರ ಮುಗಿಯುವವರೆಗೆ ಅವಳ ಪಕ್ಕದಿಂದ ಏಳದಿರುವುದು. ಯಾರಾದರೂ ಕೇಳಿದರೆ ಹುಡುಗಿಯ ಸೋದರತ್ತೆಯ ಕಡೆಯ ಸಂಬಂಧ ಎನ್ನುವುದು.

ಹೊರಡುವ ಎರಡು ದಿನ ಮುಂಚೆ ಕೆಳಗಿನ ಅಂಗಡಿಗೆ ಒಬ್ಬ ಹೆಂಗಸು ಬಂದಳು. ನಮ್ಮಲ್ಲಿ ಮೇಲಿನ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ನಾಲ್ಕು ವರ್ಷವಾಗಿತ್ತು. ಯಾವಾಗಲೂ ಹಿಂದಿನ ಬಾಗಿಲಿನಿಂದಲೇ ಬರುವವಳು, ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು. ಸೆಟ್ಟು ನಡುವೆ ಬಿರುಕು ಬಿಟ್ಟಿತ್ತು.

"ಇವತ್ತೇ ಸರಿ ಮಾಡ್ಕೊಡಿ ಸಾಯೇಬ್ರೆ. ಮಗನ್ ಮದ್ವೆ. ಅರಕೆರೇಲಿ ಬೀಗ್ರ ಮುಂದೆ ಬಿದ್ಗಿದ್ದೋದ್ರೆ ನನ್ ಮಾನ ಓಯ್ತದೆ. ನಮ್ ಪಾಲಳ್ಳೀಲಿ ಒಂದ್ ನರಪಿಳ್ಳೆಗೂ ಗೊತ್ತಿಲ್ಲ, ನನ್ ಮಗಂಗೂ ಗೊತ್ತಿಲ್ಲ."

ನಾನು ಗಾರೆ ಕಲಸುವುದನ್ನು ನಿಲ್ಲಿಸಿ ಅವಳನ್ನು ನೋಡಿದೆ. ಗಟ್ಟಿ ಹೆಂಗಸು, ದೊಡ್ಡ ಬಾಯಿ. ಇಲಿ ತಿಂದಂಗದೆ ಎಂದಿದ್ದು ಇದೇ ಬಾಯಿ, ಅಂದರೆ ನಮ್ಮ ಸೆಟ್ಟು. ಹಲ್ಲಿನ ಅಂಗಡಿಯಲ್ಲಿ ಕಂಡದ್ದನ್ನು ಹೊರಗೆ ಆಡಬಾರದು, ಅದು ಸಾಹೇಬರ ಅಪ್ಪನ ಕಾಲದ ಕಟ್ಟಳೆ. ರಿಪೇರಿ ಪುಡಿಯ ಡಬ್ಬಿ ತೆಗೆದು ಅವಳ ಬಿರುಕಿಗೆ ತುಂಬಿದೆ, ಉಜ್ಜಿ ಕೊಟ್ಟೆ. ಅವಳು ಹೋದ ಮೇಲೆ ಅದೇ ಡಬ್ಬಿಯಿಂದ ಅವಳ ಸೊಸೆಯಾಗುವವಳ ಹತ್ತು ಉಗುರಿಗೆ ಬೇಕಾದಷ್ಟು ಪುಡಿಯನ್ನು ಕುಂಕುಮದ ಭರಣಿಯೊಂದಕ್ಕೆ ಸುರಿದುಕೊಂಡೆ. ಮದುವೆ ಮನೆಯಲ್ಲಿ ಭರಣಿ ಹಿಡಿದು ಓಡಾಡಿದರೆ ಯಾರೂ ಕೇಳುವುದಿಲ್ಲವಲ್ಲ. ಔಷಧಿಯನ್ನು ಕಣ್ಣಿನ ಡ್ರಾಪ್ಸಿನ ಗಾಜಿನ ಸೀಸೆಗೆ ಹಾಕಿಕೊಂಡೆ.

ಅರಕೆರೆಯ ಮನೆಯಲ್ಲಿ ಹಿಂದಿನ ದಿನ ಸಂಜೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಹತ್ತೂ ಕಟ್ಟಿದೆ. ಚಪ್ಪರದ ಕೆಳಗೆ ಕೂತಿದ್ದ ಗಂಡಸರಿಗೆ ವಾಸನೆ ಬಡಿಯಿತು.

"ಯಾವನ್ಲಾ ಅವ್ನು, ಮದ್ವೆ ಮನೇಲಿ ತಿಗಣೆ ಔಷ್ದಿ ಒಡ್ದಿರೋನು?"

"ಪಾಲಳ್ಳಿಯೋರು ಮಲಗ್ತಾವ್ರಲ್ಲ, ಚಾಪೆಗ್ ಒಡುದ್ರೇನೋ ಕಣ್ಲಾ."

"ಅವ್ರೇ ತಿಗಣೆ ತತ್ತಾರೆ ಬುಡು, ನಾವ್ಯಾಕೆ ಇಲ್ಲಿರೋವ್ನ ಸಾಯ್ಸಾನಾ?"

ಆ ರಾತ್ರಿ ಹುಡುಗಿಯ ಎರಡು ಕೈಯನ್ನೂ ನನ್ನ ಸೊಂಟಕ್ಕೆ ಸೇರಿಸಿ ಸೆರಗಿನಲ್ಲಿ ಕಟ್ಟಿಕೊಂಡೇ ಮಲಗಿದೆ. ಬೆಳಿಗ್ಗೆ ಎದ್ದಾಗ ಹತ್ತೂ ಇದ್ದವು. ಆದರೆ ಅರಿಶಿನದ ಲೆಕ್ಕ ನಾನು ಹಾಕಿರಲಿಲ್ಲ. ಎಣ್ಣೆ ಅರಿಶಿನ ಹಚ್ಚಿ ನೀರು ಹಾಕಿದರು. ಮೈ ಮೇಲಿನದು ತೊಳೆದು ಹೋಯಿತು, ಉಗುರಿನದು ಹೋಗಲಿಲ್ಲ. ಹತ್ತು ಉಗುರೂ ಮಾವಿನ ಹಣ್ಣಿನ ಬಣ್ಣ. ಸೋದರತ್ತೆಯೊಬ್ಬಳು ನೋಡಿ, "ಏನ್ ಕಳೆ ಬಂದದೆ ನೋಡು ಕೈಗೆ" ಎಂದಳು. ಸದ್ಯ ಬದುಕಿದೆವು ಎಂದುಕೊಂಡೆ.

ಗಂಡಿನ ತಾಯಿ ನನ್ನನ್ನು ಕಂಡಿದ್ದು ಅಲ್ಲೇ. ನಗುತ್ತಾ ಬರುತ್ತಿದ್ದವಳು ಗಕ್ಕನೆ ಬಾಯಿ ಮುಚ್ಚಿಕೊಂಡಳು. ನನ್ನ ರಟ್ಟೆ ಹಿಡಿದು ದನದ ಕೊಟ್ಟಿಗೆಯ ಸಂದಿಗೆ ಎಳೆದಳು.

"ನೀನ್ಯಾಕಮ್ಮಿ ಬಂದಿದ್ದೀ ಇಲ್ಲಿಗೆ?"

"ಉಣ್ಣಕ್ ಬಂದಿವ್ನಿ."

"ನನ್ ಸೆಟ್ ಇಚಾರ ಏನಾರ ಬಾಯ್ಬುಟ್ಟೆ ಅಂದ್ರೆ ನೋಡು."

"ನಾನ್ಯಾಕ್ ಬುಡ್ಲಿ? ನೀವ್ ಬಾಯ್ಬುಡ್ದಿದ್ರೆ ಸಾಕು, ಅದು ಬೀಳಲ್ಲ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋದಳು. ಅವಳಿಗೆ ನನ್ನ ಭಯ, ನನಗೆ ಅವಳ ಭಯ. ನಾನು ಏಕೆ ಬಂದಿದ್ದೇನೆಂದು ಅವಳಿಗೆ ಗೊತ್ತಿಲ್ಲ, ಗೊತ್ತಾದರೆ ಬಸ್ಸು ಹತ್ತುತ್ತಾಳೆ. ಬಸ್ಸು ಚಪ್ಪರದ ಪಕ್ಕದಲ್ಲೇ ನಿಂತಿತ್ತು, ಡ್ರೈವರು ಸೀಟಿನಲ್ಲಿ ಮಲಗಿದ್ದ.

ಶಾಸ್ತ್ರಕ್ಕೆ ಹಸೆ ಹಾಕಿದರು. ಕಂಚಿನ ಬಟ್ಟಲಲ್ಲಿ ಹಾಲು, ಮಾವಿನೆಲೆ. ಕ್ಷೌರಿಕ ವಯಸ್ಸಾದವನು, ಅವನ ಕೈ ಚುರುಕಾಗಿತ್ತು. ಗಂಡಿಗೆ ಮೊದಲು ಮಾಡಿದ. ಆಮೇಲೆ ಹುಡುಗಿಯ ಕೈ ಹಿಡಿದು ಎಲೆಯನ್ನು ಹಾಲಿಗೆ ಅದ್ದಿದ. ನಾನು ಹುಡುಗಿಯ ಬೆನ್ನಿಗೆ ಅಂಟಿಕೊಂಡು ಕೂತಿದ್ದೆ. ಇನ್ನು ಎಲೆ ಮುಟ್ಟಿಸಿದರೆ ಮುಗಿಯಿತು.

"ಎಲೆ ಮುಟ್ಟುಸುದ್ರೆ ಸಾಲ್ದು ಕಣಣ್ಣ" ಎಂದಳು ಗಂಡಿನ ತಾಯಿ, ಬಾಯಿ ಅರ್ಧವೇ ತೆರೆದು. "ಕಿರುಬೆಳ್ಳಿಂದು ಒಂಚೂರು ತೆಗಿ. ಉಗುರು ಬೀಳೋದ ನಾನ್ ನೋಡ್ಬೇಕು."

ಹುಡುಗಿಯ ಬೆನ್ನು ಕಲ್ಲಿನ ಹಾಗೆ ಆಯಿತು. ಕ್ಷೌರಿಕ ತನ್ನ ಸಣ್ಣ ಕತ್ತಿ ತೆಗೆದು ಕಿರುಬೆರಳಿಗೆ ಇಟ್ಟ. ಕತ್ತಿ ಜಾರಿತು. ಮತ್ತೆ ಇಟ್ಟ. ಕರ್ ಎಂದು ಶಬ್ದ ಬಂತು, ಕತ್ತಿ ಒಳಗೆ ಹೋಗಲಿಲ್ಲ. ಅವನು ಕತ್ತಿಯ ಬಾಯಿಯನ್ನು ನೋಡಿದ, ಹುಡುಗಿಯ ಮುಖ ನೋಡಿದ.

"ಇದೇನವ್ವ, ಎಮ್ಮೆ ಕೊಂಬಿದ್ದಂಗದೆ!"

"ನಮ್ಮೂರ್ ನಾಲೆ ನೀರ್ ಕುಡ್ದಿರೋದು ಕಣಣ್ಣ, ಗಟ್ಟಿ ಇರ್ದೆ ಇದ್ದಾತಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ಮೂರನೆಯ ಸಲ ಅವನು ಉಸಿರು ಬಿಗಿಹಿಡಿದು ಅದುಮಿದ. ಟಪ್ ಎಂದಿತು. ಚೂರಲ್ಲ, ಇಡೀ ಉಗುರೇ ಬುಡಸಮೇತ ಎದ್ದು, ಮೇಲಕ್ಕೆ ಹಾರಿ, ಹಾಲಿನ ಬಟ್ಟಲಿಗೆ ಬಿತ್ತು.

ಓಲಗದವನು ಊದುವುದನ್ನು ನಿಲ್ಲಿಸಿದ. ಹುಡುಗಿ ಮುಷ್ಟಿ ಮಡಿಸಿಕೊಂಡಳು.

"ಅಯ್ಯೋ, ರಕ್ತ ಬಂತೇನಪ್ಪಾ?" ಎಂದು ಹುಡುಗಿಯ ತಾಯಿ ಎದೆ ಹಿಡಿದುಕೊಂಡಳು.

"ರಕ್ತ ಬರ್ಲಿಲ್ಲ ಕಣವ್ವ" ಎಂದ ಕ್ಷೌರಿಕ. "ಉಗುರೇ ಬಂತು."

ಎರಡು ಬೆರಳು ಹಾಲಿಗೆ ಇಳಿಸಿ ಅದನ್ನು ಎತ್ತಿದ. ಗಂಡಿನ ತಾಯಿ ಕೈ ಚಾಚಿದಳು. ಅವನು ಅವಳ ಅಂಗೈ ಮೇಲಿಟ್ಟ. ಮೇಲುಗಡೆ ಅರಿಶಿನದ ಬಣ್ಣ. ಅವಳು ಮಗುಚಿದಳು. ಒಳಗಡೆ ಅರಿಶಿನ ಹತ್ತಿರಲಿಲ್ಲ. ನಸುಗೆಂಪು, ಅದರೊಳಗೆ ಸಣ್ಣ ಸಣ್ಣ ಕೆಂಪು ಎಳೆ. ನಾಲ್ಕು ವರ್ಷದಿಂದ ದಿನಾ ತನ್ನ ಸೆಟ್ಟನ್ನು ತೊಳೆದವಳು ಅವಳು. ಅವಳಿಗೆ ಆ ಬಣ್ಣ ಗೊತ್ತಾಗದೆ ಇನ್ನು ಯಾರಿಗೆ ಗೊತ್ತಾಗಬೇಕು?

ತಲೆ ಎತ್ತಿ ನೇರವಾಗಿ ನನ್ನನ್ನು ನೋಡಿದಳು. ಭಯವಾದರೆ ನಾಲಿಗೆಯಿಂದ ಮೇಲಿನ ವಸಡು ಸವರಿಕೊಳ್ಳುವುದು ನನ್ನ ಅಭ್ಯಾಸ, ಚಿಕ್ಕಂದಿನಿಂದಲೂ. ಆಗಲೂ ಹಾಗೇ ಮಾಡಿದೆ. ಬೇಕೆಂದು ಮಾಡಿದ್ದಲ್ಲ. ಆದರೆ ಅವಳಿಗೆ ಅದು, ನಿನ್ನ ಸೆಟ್ಟು ನೆನಪಿರಲಿ ಎಂದ ಹಾಗೆ ಕಂಡಿರಬೇಕು. ಮುಖ ಬಿಳಿಚಿಕೊಂಡಿತು. ಬೈಯಲೆಂದು ಬಾಯಿ ತೆರೆದಳು, ತಕ್ಷಣ ಮುಚ್ಚಿದಳು. ಇನ್ನೊಂದು ಸಲ ತೆರೆದಳು, ಮುಚ್ಚಿದಳು. ಚಪ್ಪರದ ಕೆಳಗಿದ್ದವರೆಲ್ಲ ಆ ಬಾಯಿಯನ್ನೇ ನೋಡುತ್ತಿದ್ದರು. ಗಂಡು ಮಾತ್ರ ಹುಡುಗಿಯ ಮಡಿಸಿದ ಮುಷ್ಟಿಯನ್ನು ನೋಡುತ್ತಿದ್ದ.

"ಏನವ್ವಾ?" ಎಂದ.

"ಏನಿಲ್ಲ ಕಣ್ಲಾ" ಎಂದಳು ಅವಳು. ಉಗುರನ್ನು ಎಲೆಅಡಿಕೆ ಚೀಲಕ್ಕೆ ಹಾಕಿ ದಾರ ಎಳೆದಳು. "ಉಗುರ್ ಬೀಳ್ಬೇಕಿತ್ತು, ಬಿತ್ತು. ಇಷ್ಟ್ ದೊಡ್ ಉಗುರು ನಮ್ ಪಾಲಳ್ಳೀಲಿ ಯಾವ್ ಮದ್ವೇಲೂ ಬಿದ್ದಿಲ್ಲ. ಏಳ್ಸಿ ಎಣ್ಣ, ಧಾರೆಗೆ ಒತ್ತಾಯ್ತು."

ಓಲಗ ಶುರುವಾಯಿತು. ಕ್ಷೌರಿಕ ಕತ್ತಿಯನ್ನು ಮೂರು ಸಲ ಕಣ್ಣಿಗೆ ಒತ್ತಿಕೊಂಡು ಎದ್ದ. ಅವನಿಗೆ ಅದು ದೇವರ ಮಹಿಮೆಯೆಂದೇ ಅನ್ನಿಸಿರಬೇಕು.

ಧಾರೆಗೆ ಮೊದಲು ಕಿರುಬೆರಳಿಗೆ ಮತ್ತೆ ಕಟ್ಟೋಣವೆಂದು ಭರಣಿ ಹುಡುಕಿದೆ. ಕಿಟಕಿಯ ಮೇಲೆ ಇಟ್ಟಿದ್ದದ್ದು ಇರಲಿಲ್ಲ. ಹೊರಗೆ ಬಂದು ನೋಡಿದರೆ, ಆರತಿ ತಟ್ಟೆಯಲ್ಲಿ ಇಟ್ಟುಕೊಂಡು ಒಬ್ಬ ಅಜ್ಜಿ ಬಂದ ಹೆಂಗಸರಿಗೆಲ್ಲ ಹಚ್ಚುತ್ತಿದ್ದಾಳೆ. ಹತ್ತು ಹನ್ನೆರಡು ಮುತ್ತೈದೆಯರ ಹಣೆಯ ಮೇಲೆ ವಸಡಿನ ಬಣ್ಣದ ಬೊಟ್ಟು.

"ಈ ಕುಂಕ್ಮ ನಿಲ್ಲಾಕಿಲ್ವಲ್ಲೇ, ಉದುರ್ತದೆ" ಎಂದು ಅಜ್ಜಿ ಗೊಣಗುತ್ತಿದ್ದಳು. ಸೀಸೆಯ ಔಷಧಿ ನನ್ನ ಸೊಂಟದಲ್ಲೇ ಇತ್ತು, ಪುಣ್ಯಕ್ಕೆ. ಅದು ಸೇರಿದ್ದರೆ ಆ ಬೊಟ್ಟುಗಳನ್ನು ಸಾಹೇಬರೇ ಬಂದು ಉಪ್ಪುಕಾಗದದಲ್ಲಿ ಉಜ್ಜಿ ತೆಗೆಯಬೇಕಾಗುತ್ತಿತ್ತು.

ಒಂಬತ್ತು ಉಗುರಿನಲ್ಲೇ ಧಾರೆಯಾಯಿತು. ಗಂಡಿನ ಕೈ ಮೇಲಿತ್ತು, ಬೋಳು ಕಿರುಬೆರಳು ಮುಚ್ಚಿಕೊಂಡಿತು. ಊಟಕ್ಕೆ ಕೂತಾಗ ಏಳು ಇದ್ದವು. ಬಸ್ಸು ಹತ್ತಿ ಹೊರಡುವಾಗ ಕಿಟಕಿಯಿಂದ ಕೈ ಆಡಿಸಿದಳು, ಎಷ್ಟಿದ್ದವೆಂದು ಎಣಿಸಲು ಹೋಗಲಿಲ್ಲ.

ನಾನು ಉಗುರು ಕಟ್ಟುವುದನ್ನು ಅದೇ ವರ್ಷ ಬಿಟ್ಟೆ. ಬೆರಳಲ್ಲಿ ರಕ್ತ ಜಿನುಗಲು ಶುರುವಾಗಿತ್ತು. ಮೇಡಮ್ಮು ಹುಬ್ಬು ತೆಗೆಯುವುದನ್ನೇ ಮುಂದುವರಿಸಿದಳು. ನಾನು ಪೂರ್ತಿ ಹಲ್ಲಿಗೆ ವಾಪಸಾದೆ, ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು.

ಒಂದೂವರೆ ವರ್ಷ ಕಳೆದಿರಬೇಕು. ಪಾಲಹಳ್ಳಿಯ ಆ ಹೆಂಗಸು ಕೆಳಗಿನ ಸೆಟ್ಟನ್ನೂ ಕಟ್ಟಿಸಿಕೊಂಡಿದ್ದಳು, ಆದರೆ ತೆಗೆದುಕೊಂಡು ಹೋಗಲು ಬರಲಿಲ್ಲ. ಸಾಹೇಬರು ನನ್ನ ಕೈಲಿ ಕೊಟ್ಟು ಕಳಿಸಿದರು. ಬಟ್ಟೆಯಲ್ಲಿ ಸುತ್ತಿ, ಬುಟ್ಟಿಯಲ್ಲಿ ವೀಳ್ಯದೆಲೆಯ ಅಡಿಗೆ ಬಚ್ಚಿಟ್ಟುಕೊಂಡು ಹೋದೆ.

ಮನೆಯ ಜಗಲಿಯ ಮೇಲೆ ಹುಡುಗಿ ಕಾಲು ಚಾಚಿ ಕೂತಿದ್ದಳು. ಕಾಲ ಮೇಲೆ ಐದಾರು ತಿಂಗಳ ಕೂಸು. ಕೂಸಿನ ಪುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡು ಹಲ್ಲಿನ ತುದಿಯಲ್ಲಿ ಚಿಟಿಕ್ ಎಂದು ಉಗುರು ಕಚ್ಚಿ ತೆಗೆದಳು, ಪಕ್ಕಕ್ಕೆ ಉಗಿದಳು. ಇನ್ನೊಂದು ಬೆರಳು, ಚಿಟಿಕ್. ಕೂಸು ಎಚ್ಚರವಾಗಿತ್ತು, ಅಳಲೂ ಇಲ್ಲ. ನಮ್ಮ ಕಡೆ ಎಳೆ ಕೂಸಿನ ಉಗುರಿಗೆ ಕಬ್ಬಿಣ ತಾಕಿಸುವುದಿಲ್ಲ. ಮನೆಯ ಹಿರಿಯ ಹೆಂಗಸು ಹಲ್ಲಿನಲ್ಲೇ ಕಚ್ಚಿ ತೆಗೆಯಬೇಕು. ಈ ಮನೆಯ ಹಿರಿಯ ಹೆಂಗಸು ಕಂಬಕ್ಕೆ ಒರಗಿ ನಿಂತು ಉಸ್ತುವಾರಿ ನೋಡಿಕೊಳ್ಳುತ್ತಿದ್ದಳು.

"ಆ ಕಿರುಬೆಳ್ಳ ಬುಟ್ಬುಟ್ಟೆ ಕಣವ್ವ. ನೋಡು, ಮೊನ್ನೆ ಕೆನ್ನೆ ಪರ್ಚ್ಕೊಂಡದೆ."

"ಅದ್ರುದ್ದು ಆಯ್ತು ಅತ್ತೆ, ಈ ಕಡೇದು ಉಳ್ದದೆ."

ನನ್ನನ್ನು ಕಂಡು ಅತ್ತೆ ಒಳಗೆ ಕರೆದುಕೊಂಡು ಹೋದಳು. ಬಟ್ಟೆಯ ಗಂಟನ್ನು ಅಕ್ಕಿ ಮಡಕೆಯೊಳಗೆ ಹಾಕಿ ಮುಚ್ಚಳ ಮುಚ್ಚಿದಳು.

"ನಾನೇ ಕಚ್ಬೇಕಿತ್ತು" ಎಂದಳು ಪಿಸುದನಿಯಲ್ಲಿ. "ಈ ಸೆಟ್ನಾಗೆ ಕೂಸಿನ್ ಉಗುರು ಇಡಿಯಕ್ಕೇ ಆಗಲ್ಲ, ಜಾರ್ತದೆ. ಅವ್ಳ ಹಲ್ಲು ನೋಡು, ರಕ್ತ ಬರ್ದಂಗೆ, ನೋವಾಗ್ದಂಗೆ ತೆಗೀತವೆ. ಬೀದಿಯೋರೆಲ್ಲ ಕೂಸ್ಗಳ ಇಲ್ಲಿಗೇ ತತ್ತಾರೆ ಈಗ. ಶುಕ್ರವಾರ ಬ್ಯಾಡ ಅಂದ್ರೂ ಬತ್ತಾರೆ."

"ದರಿದ್ರ ಬರ್ಲಿಲ್ವಾ?" ಎಂದೆ.

ಅವಳು ಕಾಫಿ ಕಾಯಿಸಲು ಹೋದಳು.

ನಾನು ಜಗಲಿಗೆ ಬಂದು ಕೂತೆ. ಹುಡುಗಿಯ ಕೈ ನೋಡಿದೆ. ಹತ್ತು ಬೆರಳೂ ಮೊದಲಿನ ಹಾಗೇ ಮೋಟು. ಅಷ್ಟರಲ್ಲಿ ಎದುರು ಮನೆಯವಳು ಸೊಂಟದ ಮೇಲೆ ತನ್ನ ಕೂಸು ಎತ್ತಿಕೊಂಡು ಬಂದು ಮೆಟ್ಟಿಲ ಮೇಲೆ ತನ್ನ ಸರದಿಗೆ ಕೂತಳು.

ಹುಡುಗಿ ತನ್ನ ಕೂಸನ್ನು ಹೆಗಲಿಗೆ ಹಾಕಿಕೊಂಡು, ಕಾಯುತ್ತಿದ್ದವಳ ಕೂಸಿಗೆ ಕೈ ಚಾಚುವ ಮೊದಲು ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು.

"ನಿಂದೂ ಬೆಳ್ದವೆ ದೊಡ್ಡವ್ವ. ತೆಗ್ಯಾನಾ?"

"ಬ್ಯಾಡ ಕಣಮ್ಮಿ, ಬಸ್ಸಿಗೆ ಒತ್ತಾಯ್ತು" ಎಂದು ಕೈ ಕಿತ್ತುಕೊಂಡು, ಕಾಫಿಗೂ ನಿಲ್ಲದೆ ಎದ್ದು ಬಂದೆ.